ಖಾರದ ಗಿಡದ ಬೀಜ ಹಾಕಿದರೂ ಕಾಯಿ ಸಪ್ಪೆ, ಎಲ್ಲಿ ತಪ್ಪಿದೆ?

ಸಿರುಗುಪ್ಪ ರೈತ:
ಹೋದ ವರ್ಷ ನಮ್ಮ ಗುಂಟೂರು ಮೆಣಸಿನ ಹೊಲದಲ್ಲಿ ಒಂದು ಗಿಡ ಸಿಕ್ಕಿತ್ತು. ಕಾಯಿ ಮುರಿದು ನಾಲಿಗೆಗೆ ಮುಟ್ಟಿಸಿದರೆ ಕಣ್ಣಲ್ಲಿ ನೀರು. ಅದರ ಬೀಜ ಮಾತ್ರ ಬೇರೆ ಇಟ್ಟು ಈ ಸಲ 60 ಸಸಿ ಹಚ್ಚಿದೆ. ಅರ್ಧಕ್ಕಿಂತ ಜಾಸ್ತಿ ಗಿಡ ಸಪ್ಪೆ. ಕಾಯಿ ಉದ್ದವೂ ಒಂದೊಂದು ಥರ. ಗೊಬ್ಬರ ಕಮ್ಮಿ ಆಯ್ತಾ?

ಮಾನ್ವಿ ಮೆಣಸು:
ಗೊಬ್ಬರದ್ದಲ್ಲ ಅಣ್ಣಾ. ಮೊದಲು ತಂದ ಬೀಜ ಹೈಬ್ರಿಡ್ಡಾ? ಸುತ್ತ ಏನು ಬೆಳೆದಿದ್ದರು? ಆ ಗಿಡ ಎಲ್ಲಿತ್ತು?

ಸಿರುಗುಪ್ಪ ರೈತ:
ಹೈಬ್ರಿಡ್ಡೇ. ಬದುವಿನ ಆಚೆ ಎಲ್ಲಾ ಖಾರ ಕಮ್ಮಿ ಇರೋ ಬ್ಯಾಡಗಿ ಮೆಣಸು. ಗಿಡ ಕೊನೇ ಸಾಲಿನಲ್ಲಿತ್ತು, ಕಾಲುವೆ ನೀರು ಅಲ್ಲಿತನಕ ಸರಿಯಾಗಿ ಬರಲ್ಲ.

ಮಾನ್ವಿ ಮೆಣಸು:
ಹಾಗಾದ್ರೆ ನನ್ನ ಅನುಮಾನ ಮೊದಲು ನೀರಿನ ಮೇಲೆ. ನೀರು ಕಮ್ಮಿ ಬಿದ್ದ ಗಿಡದ ಕಾಯಿಗೆ ಖಾರ ಏರುವುದುಂಟು. ಅದು ಬೀಜಕ್ಕೆ ಇಳಿಯುವ ಗುಣ ಅಲ್ಲ. ಅದಕ್ಕೇ ಗಿಡ ಆರಿಸುವಾಗ ಒಂದೇ ನೀರು, ಒಂದೇ ಮಣ್ಣು ಇರುವ ಸಾಲಿನೊಳಗೇ ಹೋಲಿಸಬೇಕು.

ಹೈಬ್ರಿಡ್ ಬೀಜ ಮರುವರ್ಷ ಒಡೆಯುತ್ತದೆ, ಅಂದರೆ ಅಜ್ಜ-ಅಜ್ಜಿಯರ ಗುಣಗಳೆಲ್ಲ ಬೇರೆ ಬೇರೆಯಾಗಿ ಹೊರಬೀಳುತ್ತವೆ. ಕಾಯಿ ಉದ್ದ ಒಂದೊಂದು ಥರ ಆಗಿದ್ದು ಅದಕ್ಕೇ. ಜೊತೆಗೆ ಜೇನುನೊಣ ಬ್ಯಾಡಗಿ ಪರಾಗ ತಂದಿರಬಹುದು. ಆ ಪರಾಗ ಬಿದ್ದ ವರ್ಷ ಕಾಯಿಯ ಖಾರ ಬದಲಾಗಲ್ಲ, ಯಾಕಂದ್ರೆ ಕಾಯಿ ತಾಯಿಗಿಡದ್ದೇ. ಬೀಜದೊಳಗೆ ಕೂತು ಮರುವರ್ಷ ಕಾಣಿಸುತ್ತದೆ.

ಕೊಪ್ಪಳ ತಾರಸಿ ತೋಟ:
ಸರ್, ಬೀಜ ಕಚ್ಚಿ ಖಾರ ನೋಡಿದರೆ ಸಾಕಾ?

ಮಾನ್ವಿ ಮೆಣಸು:
ಬೇಡಿ. ಖಾರ ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಒಂದೇ ಹದಕ್ಕೆ ಹಣ್ಣಾದ ಮೂರ್ನಾಲ್ಕು ಕಾಯಿ ಸೀಳಿ, ತಿರುಳಿನ ಚೂರು ತುದಿನಾಲಿಗೆಗೆ ಇಡಿ. ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಮೊಸರು ತಿನ್ನಿ. ಬರೀ ನೀರು ಕುಡಿದರೆ ಉರಿ ಹೋಗಲ್ಲ, ಮುಂದಿನ ಗಿಡದ ಲೆಕ್ಕ ತಪ್ಪುತ್ತದೆ.

ಸಿರುಗುಪ್ಪ ರೈತ:
ಈಗ ಇರೋ ಗಿಡಗಳಲ್ಲಿ ಎಂಟು ಚೆನ್ನಾಗಿ ಖಾರ ಇವೆ. ಎಲ್ಲಾ ಗಿಡ ಕಿತ್ತು ಹಾಕಲಾ?

ಮಾನ್ವಿ ಮೆಣಸು:
ಅಯ್ಯೋ, ಕೀಳಬೇಡಿ! ಒಂದೇ ನೀರಲ್ಲಿ ಬೆಳೆದೂ ಖಾರ ಬಂದಿದ್ದರೆ ಅವೇ ನಿಮ್ಮ ಆಸ್ತಿ. ಒಂದೊಂದು ಗಿಡದಲ್ಲಿ ಒಂದು ಕೊಂಬೆ ಆರಿಸಿ. ಅರಳಿದ ಹೂವು, ಆಗಲೇ ಬಿಟ್ಟ ಕಾಯಿ ಎಲ್ಲಾ ಚಿವುಟಿ ಹಾಕಿ, ಮೊಗ್ಗು ಮಾತ್ರ ಬಿಡಿ. ಜೇನುನೊಣ ಹೂವಿಗೆ ಬಾರದಂತೆ ತೆಳು ಬಟ್ಟೆಯ ಚೀಲ ಕಟ್ಟಿ. ಹೂವು ಅರಳಿದ ಮೇಲೆ ದಿನಾ ಮುಂಜಾನೆ ಕೊಂಬೆ ಮೆಲ್ಲಗೆ ಅಲ್ಲಾಡಿಸಿ, ಹೂವಿಗೆ ಅದರದ್ದೇ ಪರಾಗ ಬೀಳಲಿ. ಕಾಯಿ ಬಿಟ್ಟ ಮೇಲೆ ಚೀಲ ಬಿಚ್ಚಿ, ಆ ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟಿ. ಎಂಟೂ ಗಿಡದ ಬೀಜ ಬೇರೆ ಬೇರೆ ಇಡಿ, ಬೆರೆಸಬೇಡಿ. ತಳಿ ನಿಲ್ಲೋಕೆ ಆರೇಳು ಪೀಳಿಗೆ ಬೇಕು.

ಸಿರುಗುಪ್ಪ ರೈತ:
ನಾಳೆಯೇ ಚೀಲ ಹೊಲಿಸುತ್ತೇನೆ. ಹಳೇ ಮಲ್ ಪಂಚೆ ಇದೆ, ಆಗುತ್ತಾ?

ಮಾನ್ವಿ ಮೆಣಸು:
ಗಾಳಿ ಆಡಿದರೆ ಆಯ್ತು. ಇರುವೆ ಒಳಗೆ ಹೋಗದಂತೆ ಬಾಯಿ ಬಿಗಿಯಾಗಿ ಕಟ್ಟಿ.