ಬಯಲಾಗ ನಿಂತ ಪದ್ಮಿನಿಗೆ ಎಂಥಾ ಕವರ್?

ಪ್ರಶ್ನೆ (ಧಾರವಾಡ, ಸಪ್ತಾಪುರ):
ಮೇಸ್ತ್ರಿಯವರ, ನಮಸ್ಕಾರ. ನಮ್ಮ ತಂದಿಯವರದು 1984ರ ಪ್ರೀಮಿಯರ್ ಪದ್ಮಿನಿ ಅದ. ಅವರು ಹೋದ ಮ್ಯಾಲೆ ಎಂಟು ವರ್ಷ ಹಿತ್ತಲದಾಗ ಹಂಗ ನಿಂತಿತ್ತು. ಈ ವರ್ಷ ರೊಕ್ಕ ಕೂಡಿಸಿ ಟಿಂಕರಿಂಗ್, ಪೇಂಟ್ ಎಲ್ಲಾ ಮಾಡಿಸೇನಿ. ಗಾಡಿ ಮನಿಗೆ ಬಂದು ಇಪ್ಪತ್ತು ದಿವಸ ಆತು. ಶೆಡ್ ಇಲ್ಲ, ಕಾಂಪೌಂಡಿನೊಳಗ ಮಾವಿನ ಗಿಡದ ಕೆಳಗ ನಿಲ್ಲಸ್ತೀನಿ. ಅಂಗಡಿಯವ ಬೆಳ್ಳಿ ಬಣ್ಣದ ಕವರ್ ತೋರಿಸಿ "ಪೂರಾ ವಾಟರ್‌ಪ್ರೂಫ್, ಒಂದು ಹನಿ ಒಳಗ ಹೋಗಂಗಿಲ್ಲ" ಅಂತಾನ. ನಮ್ಮ ಅಳಿಯಂದಿರು ಲಾರಿ ತಾಡಪತ್ರಿ ಹೊಲಸ್ರಿ, ಹತ್ತು ವರ್ಷ ಬರ್ತದ ಅಂತಾರ. ಬಾಜೂ ಮನಿಯವರು ಏನೂ ಹಾಕಬ್ಯಾಡ್ರಿ ಅಂತಾರ. ಯಾರ ಮಾತು ಕೇಳಲಿ? ಮಿರಗ ಮಳಿ ಹತ್ತಿರ ಬಂತು.

ಉತ್ತರ (ಹುಬ್ಬಳ್ಳಿ, ಬಾಡಿ-ಪೇಂಟ್ ಮೇಸ್ತ್ರಿ):
ನಮಸ್ಕಾರ ಸರ. ಈ ಮೂರ ಮಂದ್ಯಾಗ ಸದ್ಯಕ್ಕ ಖರೆ ಹೇಳಿದವರು ನಿಮ್ಮ ಬಾಜೂ ಮನಿಯವರು. ಇಪ್ಪತ್ತ ದಿನದ ಪೇಂಟ್ ಮುಟ್ಟಿದ್ರ ಒಣಗೇತಿ ಅನಸ್ತೈತಿ, ಒಳಗಿನ ಥಿನ್ನರ್ ಇನ್ನೂ ಆರ್ತಿರ್ತೈತಿ. ಈಗ ಬಿಸಿಲಾಗ ಕವರ್ ಹೊಚ್ಚಿದ್ರ ಅರಿವಿಯ ನೇಯ್ಗಿ ಬಾನೆಟ್ ಮ್ಯಾಲ ಅಚ್ಚು ಒತ್ತಿದಂಗ ಮೂಡತೈತಿ. ತಿಂಗಳು ಒಂದೂವರಿ ತಿಂಗಳು ಬರೇ ಮೈಯಾಗ ಇರ್ಲಿ ಬಿಡ್ರಿ. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡಸೀರೋ, ಪಿಯು (ಪಾಲಿಯುರೆಥೇನ್) ಹೊಡಸೀರೋ ಅದನ್ನೂ ತಿಳಸ್ರಿ. ಎನ್‌ಸಿ ಆದ್ರ ಮೆತ್ತಗ, ಮ್ಯಾಲ ಕ್ಲಿಯರ್ ಕೋಟ್ (ಬಣ್ಣ ಇಲ್ಲದ ಕಾಪು ಪದರು) ಇರಂಗಿಲ್ಲ, ಗೀರು ಲಗೂ ಬೀಳತಾವ.

ಇನ್ನ ತಾಡಪತ್ರಿ. ಅಳಿಯಂದಿರು ಸಿಟ್ಟಾಗಬಾರದು, ಆದ್ರ ಈ ತಪ್ಪ ನಾನ ಮಾಡೇನಿ. ಕೆಲಸ ಹೊಸದಾಗಿ ಕಲಿತಿದ್ದಾಗ ಗಿರಾಕಿಯೊಬ್ಬರ ಅಂಬಾಸಿಡರ್ ಪೇಂಟ್ ಮುಗಿಸಿ, ಅವರು ಊರಾಗ ಇಲ್ಲ ಅಂತ ಅಂಗಳದಾಗ ನಿಲ್ಲಿಸಿ, ತಾಡಪತ್ರಿ ಹೊಚ್ಚಿ, ಹಗ್ಗ ಬಿಗದು ಇಟ್ಟೆ. ಮಳಿಗಾಲ ಮುಗದ ಮ್ಯಾಲ ಬಿಚ್ಚಿ ನೋಡಿದ್ರ ಟಾಪ್ ತುಂಬ ಹಪ್ಪಳದಂಗ ಗುಳ್ಳಿ. ಉಗುರಿನಿಂದ ಒಂದು ಗುಳ್ಳಿ ಒಡದೆ, ಒಳಗ ಒಂದು ಹನಿ ನೀರು, ಅದರ ಕೆಳಗ ಕೆಂಪನ ಜಂಗು. ಮ್ಯಾಲಿನ ಮಳಿ ನೀರು ಒಂದ ಹನಿ ಒಳಗ ಹೋಗಿರಲಿಲ್ಲ ಸರ. ನೆಲದ ಹಸಿ ಮ್ಯಾಲ ಎದ್ದು, ತಾಡಪತ್ರಿಗೆ ಬಡದು, ರಾತ್ರಿ ತಂಪಿಗೆ ಹನಿ ಆಗಿ ಟಾಪ್ ಮ್ಯಾಲ ಕುಂತಿತ್ತು. ಹೊರಗ ಹೋಗಾಕ ದಾರಿನ ಇರಲಿಲ್ಲ. ಪೂರಾ ಟಾಪ್ ಕೆರದು ನನ್ನ ರೊಕ್ಕದಾಗ ಮತ್ತ ಹೊಡದು ಕೊಟ್ಟೆ.

ಅಂಗಡಿಯವನ ಬೆಳ್ಳಿ ಕವರ್ ತಾಡಪತ್ರಿಯ ತಮ್ಮ ಅಂತ ತಿಳಕೋರಿ. ಒಂದ ಪದರಿನ ಪಾಲಿಯೆಸ್ಟರ್ ಅರಿವಿಗೆ ಲೇಪ ಕೊಟ್ಟಿರತಾರ. ನೀರು ತಡೀತೈತಿ, ಆವಿಯನ್ನೂ ತಡೀತೈತಿ. ನಮ್ಮ ಬಿಸಿಲಿಗೆ ಆ ಲೇಪ ಪುಡಿ ಪುಡಿಯಾಗಿ ಉದುರಾಕ ಹತ್ತತೈತಿ, ಆಮ್ಯಾಲ ನೀರೂ ನಿಲ್ಲಂಗಿಲ್ಲ.

ನಿಮಗ ಬೇಕಾದ್ದು ಉಸಿರಾಡೋ ಅರಿವಿ: ಮೂರು-ನಾಲ್ಕು ಪದರಿಂದು, ನಡುವ ಸಣ್ಣ ತೂತಿನ ಪೊರಿ ಇದ್ದದ್ದು, ಒಳಮಗ್ಗಲ ಮೆತ್ತನ ಹತ್ತಿ ಇಲ್ಲಾ ಫ್ಲಾನಲ್ ಹಚ್ಚಿದ್ದು. ನೀರಿನ ಹನಿ ಆ ತೂತಿನಾಗ ಹಿಡಿಯಂಗಿಲ್ಲ, ಆವಿ ಹಿಡಿತೈತಿ. ಬೆಲಿ ಬೆಳ್ಳಿದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಅದನ್ನ ಮುಚ್ಚಿಡಾಂಗಿಲ್ಲ. ಜೋರ ಮಳಿಯಾಗ ಹೊಲಿಗಿ ಗುಂಟ ತುಸು ನೀರು ಇಳದ ಇಳಿತೈತಿ. ಇಳೀಲಿ, ಹೊರಗ ಹೋಗಾಕೂ ದಾರಿ ಐತಿ.

ಪ್ಯಾಕೆಟ್ ಮ್ಯಾಲ ಬರದದ್ದು ನಂಬಬ್ಯಾಡ್ರಿ, ಅಂಗಡ್ಯಾಗ ಚಹಾ ತರಸ್ರಿ. ಕುದಿಯೋ ಚಹಾದ ಗ್ಲಾಸಿನ ಬಾಯಿಗೆ ಕವರಿನ ಅರಿವಿ ಬಿಗಿಯಾಗಿ ಹಿಡೀರಿ, ಮ್ಯಾಲ ಒಂದು ತಣ್ಣನ ಸ್ಟೀಲ್ ಗಂಗಾಳ ಬೋರಲ ಹಾಕ್ರಿ. ಒಂದ ನಿಮಿಷದಾಗ ಗಂಗಾಳಕ್ಕ ಬೆವರು ಬಂದ್ರ ಅರಿವಿ ಉಸಿರಾಡತೈತಿ. ಆಮ್ಯಾಲ ಅದ ಅರಿವಿ ಮ್ಯಾಲ ಎರಡು ಚಮಚ ನೀರು ಹಾಕ್ರಿ, ಕೂಡಲೇ ಕೆಳಗ ಸೋರಬಾರದು. ಎರಡೂ ಪಾಸಾದ್ರ ತಗೋರಿ. ಚಹಾ ಕುಡೀರಿ.

ಮಾವಿನ ಗಿಡದ ಮಾತು ಕಡೀಗೆ ಇಟ್ಟೆ, ಯಾಕಂದ್ರ ನಿಮಗ ಬ್ಯಾಸರ ಆಗತೈತಿ. ಅಲ್ಲಿಂದ ಗಾಡಿ ತಗೀರಿ. ಹೂ ಬಿಡೋ ಹೊತ್ತಿನಾಗ ಜಿಗಿಹುಳ ಕುಂತು ಸಕ್ಕರಿ ಪಾಕದಂಥಾ ಜಿಗಿ ಉದರಸ್ತಾವ, ಅದರ ಮ್ಯಾಲ ಕರೀ ಬೂಷ್ಟು ಬೆಳೀತೈತಿ. ಕವರಿನ ತೂತು ಮುಚ್ಚಾಕ ಅಷ್ಟ ಸಾಕು. ಹಕ್ಕಿ ಹಿಕ್ಕಿ ಬ್ಯಾರೆ. ನೆರಳು ಬೇಕ ಬೇಕಂದ್ರ ಮನಿ ಗ್ವಾಡಿ ನೆರಳು ನೋಡ್ರಿ.

ಪ್ರಶ್ನೆ (ಅವರದೇ):
ಪಿಯು ಹೊಡಿಸೇನಿ. ಗಿಡದ ಮಾತಿಗೆ ಮನಿಯೊಳಗ ಎಲ್ಲಾರೂ ನಕ್ಕರು, ಪ್ರತಿ ವರ್ಷ ನಾನ ಆ ಜಿಗಿ ತಿಕ್ಕಿ ತೊಳೀತೀನಿ. ಅಳತಿ ಹೆಂಗ? ಪದ್ಮಿನಿಗೆ ಅಂತ ಕವರ್ ಎಲ್ಲೂ ಸಿಗವಲ್ದು. ಡಿಸೈರ್ ಗಾಡೀದು ಬರ್ತದ ಅಂತ ಅಂಗಡಿಯವ ಅಂದ.

ಉತ್ತರ:
ಉದ್ದಕ್ಕ ಬರತೈತಿ, ಅಗಲಕ್ಕ ಬರಂಗಿಲ್ಲ. ಪದ್ಮಿನಿ ಸುಮಾರು 13 ಫೂಟ್ ಉದ್ದ, ಅಗಲ 5 ಫೂಟಿಗೂ ಕಡಿಮಿ. ಡಿಸೈರ್ ಉದ್ದ ಹೆಚ್ಚು ಕಡಿಮಿ ಅಷ್ಟ, ಅಗಲ ಪದ್ಮಿನಿಗಿಂತ ಸುಮಾರು ಹತ್ತು ಇಂಚ್ ಜಾಸ್ತಿ. ಆ ಹತ್ತು ಇಂಚ್ ಎರಡೂ ಮಗ್ಗಲ ಜೋತು ಬಿದ್ದು, ಗಾಳಿ ಬಂದಾಗೊಮ್ಮೆ ಪಟ ಪಟ ಅಂತ ಬಾಗಲಿಗೆ ಬಡೀತೈತಿ. ನಮ್ಮ ಧೂಳು ಬರೇ ಮಣ್ಣಲ್ಲ, ಅದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಉಸುಕು ಇರತೈತಿ. ಸಡ್ಲ ಕವರು, ಉಸುಕು, ಗಾಳಿ ಮೂರೂ ಕೂಡಿದ್ರ ಉಸುಕಿನ ಕಾಗದ ಹಿಡದು ತಿಕ್ಕಿದಂಗ.

ಅರಿವಿ ತಂದು ಹೊಲಸ್ರಿ. ಸೀಟ್ ಕವರ್ ಹೊಲಿಯೋರು ಹೊಲಿತಾರ. ಅಳತಿ ನೆಲದ ಮ್ಯಾಲ ಹಿಡಿಯೂದಲ್ಲ. ಮುಂದಿನ ಬಂಪರ್ ಕೆಳಗಿಂದ ಬಾನೆಟ್, ಕಾಚು, ಟಾಪ್, ಡಿಕ್ಕಿ ಮ್ಯಾಲ ಹಾದು ಹಿಂದಿನ ಬಂಪರ್ ಕೆಳಗಿನ ತನಕ ಟೇಪ್ ಹೊಂದಿಸಿಕೊಂತ ಹೋಗ್ರಿ. ಅಡ್ಡಕ್ಕೂ ಹಂಗ, ಎರಡ ಮೂರ ಕಡೆ. ಹಿಂದಿನ ರೆಕ್ಕಿ (ಡಿಕ್ಕಿ ಎರಡೂ ಮಗ್ಗಲ ಎದ್ದ ತಗಡಿನ ಅಂಚು) ತುದಿ ಚೂಪು ಇರತಾವ, ಅರಿವಿ ಮೊದಲ ಹರಿಯೂದು ಅಲ್ಲೇ. ಆ ಎರಡು ಜಾಗಾಕ್ಕ ಒಳಗಿಂದ ಮೆತ್ತನ ತ್ಯಾಪಿ ಹಚ್ಚಸ್ರಿ. ಕೆಳಗ ಸುತ್ತಲೂ ಇಲ್ಯಾಸ್ಟಿಕ್ ಬೇಕು.

ನಡುವೆ ಒಂದು ಪ್ರಶ್ನೆ (ಗದಗ):
ಮೇಸ್ತ್ರಿ, ಗಾಳಿ ಅಂದ್ರೆಲ್ಲಾ, ನಮ್ಮ ಕಡೆ ಇಲ್ಯಾಸ್ಟಿಕ್ ಗಿಲ್ಯಾಸ್ಟಿಕ್ ನಿಲ್ಲಂಗಿಲ್ಲ. ಹೋದ ಆಷಾಢದಾಗ ನನ್ನ ಕವರ್ ಹಾರಿ ಹೋಗಿ ಮೂರನೇ ಮನಿ ನೀರಿನ ಟ್ಯಾಂಕಿಗೆ ಸಿಕ್ಕೊಂಡಿತ್ತು.

ಉತ್ತರ:
ಕಪ್ಪತಗುಡ್ಡದ ಮ್ಯಾಲ ಗಾಳಿಯಂತ್ರ ಸುಮ್ಮನ ನಿಲ್ಲಿಸ್ಯಾರೇನ್ರಿ! ನೀವು ಹೊಟ್ಟಿ ಪಟ್ಟಿ ಹಚ್ಚಸ್ರಿ. ಗಾಡಿ ಕೆಳಗಿಂದ ಒಂದು ಮಗ್ಗಲಿಂದ ಇನ್ನೊಂದು ಮಗ್ಗಲಿಗೆ ಹಾಯೋ ನೈಲಾನ್ ಪಟ್ಟಿ, ಪ್ಲಾಸ್ಟಿಕ್ ಬಕಲ್. ಮುಂದಿನ ಗಾಲಿ ಹಿಂದ ಒಂದು, ಹಿಂದಿನ ಗಾಲಿ ಮುಂದ ಒಂದು. ಕಬ್ಬಿಣದ ಕೊಂಡಿ ಬ್ಯಾಡ, ಬಂಪರಿಗೆ ಹಗ್ಗ ಕಟ್ಟೂದೂ ಬ್ಯಾಡ, ಕ್ರೋಮ್ ಸವೀತೈತಿ. ಕವರ್ ಮ್ಯಾಲಿಂದ ಹಗ್ಗ ಅಡ್ಡ ಹಾಕಿ ಬಿಗಿಯೂದಂತೂ ಬ್ಯಾಡ ಬ್ಯಾಡ, ಹಗ್ಗ ಕುಂತಲ್ಲೆ ಗೆರಿ ಬೀಳತೈತಿ.

ಇನ್ನೊಂದು (ಹಾವೇರಿ):
ಅಣ್ಣಾರ, ನಮ್ಮದು ಅಂಬಾಸಿಡರ್, ತಗಡಿನ ಶೆಡ್ಡಿನಾಗ ಐತಿ. ಧೂಳ ಒಂದ ತ್ರಾಸು. ನಮ್ಮ ಅವ್ವನ ಹಳೇ ನೂಲಿನ ಸೀರಿ ನಾಕು ಜೋಡಿಸಿ ಹೊಲದ್ರ ನಡೀತೈತೇನು?

ಉತ್ತರ:
ನಡೀತೈತಿ, ಭಾಳ ಚಲೋ ನಡೀತೈತಿ. ಶೆಡ್ಡಿನಾಗ ಇದ್ದ ಗಾಡಿಗೆ ತೊಳದು ತೊಳದು ಮೆತ್ತಗಾದ ನೂಲಿಗಿಂತ ಚಲೋ ಅರಿವಿ ಇಲ್ಲ. ಜರಿ ಸೆರಗು ಕತ್ತರಿಸಿ ತಗೀರಿ, ಹೊಲಿಗಿ ಮಡಿಕಿ ಹೊರಗ ಬರ್ಲಿ. ಬಯಲಾಗ ಮಾತ್ರ ನೂಲು ಬ್ಯಾಡ, ಒಂದ ಮಳಿಗೆ ತೊಯ್ದು ಹಸಿ ಕೌದಿ ಹೊಚ್ಚಿದಂಗ ಆಗತೈತಿ. ಧ್ವಜ ಹೊಲಿಯೋ ಬೆಂಗೇರಿ ನಮ್ಮೂರಾಗ ಐತಿ, ಖಾದಿ ಮ್ಯಾಲ ನನಗೂ ಅಭಿಮಾನ ಐತಿ, ಆದ್ರೂ ಮಳ್ಯಾಗ ಅದನ್ನ ಗಾಡಿಗೆ ಹೊಚ್ಚು ಅನ್ನಾಂಗಿಲ್ಲ.

ಸಪ್ತಾಪುರದವರಿಗೆ ಇನ್ನೆರಡು ಮಾತು. ಗಾಡಿ ಬರೇ ಮಣ್ಣಿನ ಮ್ಯಾಲ ನಿಂತೈತಿ ಅಂದ್ರ ಕೆಳಗ ನಾಲ್ಕು ಫರ್ಸಿ ಹಾಸ್ರಿ, ಅರ್ಧ ಹಸಿ ಅಲ್ಲೇ ನಿಲ್ಲತೈತಿ. ಧೂಳು ಇದ್ದ ಗಾಡಿಗೆ ಕವರ್ ಹಾಕಬ್ಯಾಡ್ರಿ. ಮೊದಲ ನೀರು ಹೊಡದು, ಒರಸಿ, ಬಾಗಲ ಕೆಳಗಿನ ತೂತಿನಾಗಿಂದ ನೀರು ಬಸದು ಹೋಗೂತನಕ ತಡೀರಿ. ಆ ತೂತು ಪೇಂಟಿನಾಗ ಮುಚ್ಚಿದ್ರ ಒಂದು ಸಣ್ಣ ತಂತಿ ಆಡಸ್ರಿ, ಪದ್ಮಿನಿ ಬಾಗಲಾ ಕೊಳಿಯೂದು ಕೆಳಗಿಂದನ. ಓಡಿಸಿ ಬಂದ ಕೂಡಲೆ ಬಾನೆಟ್ ಬಿಸಿ ಇದ್ದಾಗ ಹೊಚ್ಚಬ್ಯಾಡ್ರಿ. ಜಿಟಿಜಿಟಿ ಮಳಿ ನಾಕು ದಿನ ಹಿಡದು ಒಂದು ದಿನ ಬಿಸಿಲು ಬಿದ್ರ ಕವರ್ ತಗದು ಗಾಡಿನೂ ಕವರನ್ನೂ ಬ್ಯಾರೆ ಬ್ಯಾರೆ ಒಣಗಸ್ರಿ. ತಗಿಯೋವಾಗ ಎಳಿಯೂದಲ್ಲ. ಎಡಗಡೀದು ಟಾಪ್ ಮ್ಯಾಲ ಮಡಚ್ರಿ, ಬಲಗಡೀದು ಅದರ ಮ್ಯಾಲ, ಆಮ್ಯಾಲ ಹಿಂದಿಂದ ಮುಂದಕ ಚಾಪಿ ಸುತ್ತಿದಂಗ ಸುತ್ಕೊಂತ ಬರ್ರಿ. ಒಳಮಗ್ಗಲ ನೆಲಕ್ಕ ಹತ್ತಬಾರದು. ಹತ್ತಿದ್ರ ತೊಳೀಲಾರದ ಮತ್ತ ಹಾಕಬ್ಯಾಡ್ರಿ.

ಆಣೆಕಲ್ಲು ಯಾವ ಕವರೂ ತಡಿಯಂಗಿಲ್ಲ. ಇಲಿ ವಿಷಯ ಕೇಳಿಲ್ಲ, ಆದ್ರೂ ಹೇಳ್ತೀನಿ: ಕವರ್ ಅಂದ್ರ ಅದಕ್ಕ ಮನಿ ಕಟ್ಟಿಕೊಟ್ಟಂಗ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡ್ರಿ.

ಪ್ರಶ್ನೆ ಕೇಳಿದವರು (ಹತ್ತು ದಿವಸ ಬಿಟ್ಟು):
ಚಹಾ ಪರೀಕ್ಷಾ ಆತು ಮೇಸ್ತ್ರಿಯವರ. ಅಂಗಡಿಯವ ಮೊದಲ ನಕ್ಕ. ಬೆಳ್ಳೀದು ಹಿಡದಾಗ ಗಂಗಾಳ ಒಣಾ ಒಣ, ಅರಿವಿ ಕೆಳಗ ಮಾತ್ರ ನೀರು ತೊಟಕಲಿಕ್ಕೆ ಹತ್ತಿತ್ತು. ನಾಲ್ಕು ಪದರಿಂದು ಹಿಡದಾಗ ಗಂಗಾಳ ಮಬ್ಬಾತು. ಅವನೂ ಸುಮ್ಮನಾದ, ಆಮ್ಯಾಲೆ ಇನ್ನೆರಡು ಥಾನ್ ತಗದು ತಾನ ಹಿಡದು ನೋಡಿದ. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರಿಗೆ ಹೊಲೀಲಿಕ್ಕೆ ಕೊಟ್ಟೇನಿ. ಗಾಡಿ ಗಿಡದ ಕೆಳಗಿಂದ ತಗದು ಗ್ವಾಡಿಗೆ ಹಚ್ಚಿ ನಿಲ್ಲಿಸೇನಿ.

ಉತ್ತರ:
ಚಲೋ ಆತು. ಫೆಂಡರ್ ಮ್ಯಾಲ ದುಂಡ ಕನ್ನಡಿ ಇದ್ರ ಅವಕ್ಕ ಜೇಬು ಬಿಡಾಕ ಹೇಳಿರೇನು?

ಪ್ರಶ್ನೆ ಕೇಳಿದವರು:
ಹೇಳೇನಿ. ಅದಕ್ಕಂತ ಟೇಪ್ ಹಿಡದಾಗ ಒಂದು ಗೊತ್ತಾತು, ಎರಡೂ ಕನ್ನಡಿ ಒಂದ ಸಾಲಿನಾಗ ಇಲ್ಲ. ಎಡಕಿನದು ಒಂದು ಇಂಚ್ ಹಿಂದ ಅದ. ಅಪ್ಪ ತಾವ ನಿಂತು ತೂತು ಹಾಕಿಸಿದ್ರಂತ. ನಲವತ್ತು ವರ್ಷ ಯಾರೂ ನೋಡಿಲ್ಲ.

ಉತ್ತರ:
ಪೇಂಟ್ ಮಾಡಿದವರೂ ನೋಡಿಲ್ಲ ನೋಡ್ರಿ. ಹೊಲಿಯೋರಿಗೆ ಮತ್ತೊಮ್ಮೆ ಫೋನ್ ಮಾಡಿ ಹೇಳ್ರಿ, ಇಲ್ಲಂದ್ರ ಅವರು ಎರಡೂ ಜೇಬು ಒಂದ ಸಾಲಿಗೆ ಹೊಲದ ಬಿಡತಾರ.