ಸಹಾಯ ಬೇಕು: ಈ ಒಪಾಸಮ್ (ಹೊಟ್ಟೆಚೀಲದ ಪ್ರಾಣಿ) ವರ್ಜೀನಿಯಾನಾನೋ, ಮಾರ್ಸುಪಿಯಾಲಿಸ್ಸೋ?

ಕೋಸ್ಟರಿಕಾದ ಗುವಾನಕಾಸ್ಟೆ ಒಣಕಾಡಿನ ಕ್ಯಾಮೆರಾ ಟ್ರ್ಯಾಪ್ ಫೋಟೊ ವಿಂಗಡಿಸೋದು ಇಲ್ಲೇ ನಿಂತಿದೆ. ಡೈಡೆಲ್ಫಿಸ್ ಕುಲದ, ಉತ್ತರದ ವರ್ಜೀನಿಯಾನಾ ಜಾತಿಗೆ ಅದು ದಕ್ಷಿಣದ ಗಡಿ. ಮೆಕ್ಸಿಕೊದಿಂದ ಬ್ರೆಜಿಲ್‌ವರೆಗೂ ಇರೋ ಮಾರ್ಸುಪಿಯಾಲಿಸ್ ಕೂಡ ಅಲ್ಲೇ ಓಡಾಡುತ್ತೆ. ಊರಿನವರಿಗೆ ಎರಡೂ 'ಸೋರೊ ಪೆಲೋನ್', ಅಂದ್ರೆ ಬೋಳು ನರಿ!

ಮೈಬಣ್ಣ ನೋಡಿ ಪ್ರಯೋಜನ ಇಲ್ಲ, ಎರಡರಲ್ಲೂ ಬೂದು, ಕಪ್ಪು ಬರುತ್ತೆ. ಕಿವಿಯ ಬಿಳಿ ತುದಿಯೂ ದೂರದ ಉತ್ತರದ ವರ್ಜೀನಿಯಾನಾಗಳಿಗಷ್ಟೇ, ಇಲ್ಲಿನವಕ್ಕಿಲ್ಲ. ವರ್ಜೀನಿಯಾನಾ ಕೆನ್ನೆ ಅಚ್ಚ ಬಿಳಿ, ಮಾರ್ಸುಪಿಯಾಲಿಸ್‌ದು ಹಳದಿ ಮಿಶ್ರ. ಆದ್ರೆ ರಾತ್ರಿಯ ಇನ್ಫ್ರಾರೆಡ್ ಫೋಟೊದಲ್ಲಿ ಹಳದಿಯೂ ಬೆಳ್ಳಗೇ ಕಾಣುತ್ತೆ. ಉಳಿದಿದ್ದು ಬಾಲ: ಬುಡದ ಕಪ್ಪು ಭಾಗ ವರ್ಜೀನಿಯಾನಾಗೆ ಉದ್ದ, ಮಾರ್ಸುಪಿಯಾಲಿಸ್‌ಗೆ ಗಿಡ್ಡ. ಒಂದು ಫೋಟೊದಲ್ಲಿ ಕೆನ್ನೆ ಬೆಳ್ಳಗಿದೆ, ಕಪ್ಪು ಭಾಗ ಇಡೀ ಬಾಲದ ಮೂರನೇ ಒಂದು ಪಾಲು ಮಾತ್ರ.

ಬಾಲದ ಅನುಪಾತ ಒಂದನ್ನೇ ನಂಬಿ ಮಾರ್ಸುಪಿಯಾಲಿಸ್ ಅಂತ ಬರೀಬಹುದಾ, ಇಲ್ಲ ಕುಲದ ಹೆಸರಿಗೇ ನಿಲ್ಲಿಸಬೇಕಾ?