ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಫಾರ್ಮ್‌ಹೌಸ್ ಬಿ ಅಂಡ್ ಬಿ (ಬೆಡ್ ಅಂಡ್ ಬ್ರೇಕ್‌ಫಾಸ್ಟ್): ಬುಕ್ ಮಾಡುವ ಮೊದಲು ಏನೇನು ಕೇಳಬೇಕು?

ಹಸಿರುದಾರಿ:
ಏಪ್ರಿಲ್ ಮೊದಲ ವಾರ ಅಪ್ಪ, ಅಮ್ಮ, ಹೆಂಡತಿ, ನಾನು ಡೇಲ್ಸ್‌ನಲ್ಲಿ ಮೂರು ರಾತ್ರಿ ಕುರಿ ಸಾಕುವವರ ಮನೆಯಲ್ಲೇ ಉಳಿಯಬೇಕು ಅಂತಿದ್ದೇವೆ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತೆ. ಹೆಂಡತಿ ಐದು ತಿಂಗಳ ಗರ್ಭಿಣಿ. ರಾತ್ರಿ ಊಟಕ್ಕೆ ಏನು ಗತಿ? ಕಾರಿಲ್ಲದೆ ಆಗುತ್ತಾ?

ಕುರಿಹಟ್ಟಿ:
ಎಲ್ಲಕ್ಕಿಂತ ಮೊದಲು ಗರ್ಭಿಣಿಯ ವಿಷಯ. ಏಪ್ರಿಲ್ ಅಲ್ಲಿ ಕುರಿ ಈಯುವ ಕಾಲ. ಈಯುವ ಕುರಿ, ಅದರ ಮಾಸು, ಆಗಷ್ಟೇ ಹುಟ್ಟಿದ ಮರಿ, ಇವುಗಳಿಂದ ಟಾಕ್ಸೊಪ್ಲಾಸ್ಮಾದಂಥ ಸೋಂಕು ತಗುಲಿದರೆ ಗರ್ಭಪಾತವೂ ಆಗಬಹುದು. ಕೊಟ್ಟಿಗೆಯಿಂದ ಬಂದವರ ಬೂಟು, ಬಟ್ಟೆಯನ್ನೂ ನಿಮ್ಮ ಹೆಂಡತಿ ಮುಟ್ಟಬಾರದು. ಬಾಟಲಿಯಲ್ಲಿ ಮರಿಗೆ ಹಾಲು ಕುಡಿಸಲು ಮನೆಯವರು ಪ್ರೀತಿಯಿಂದ ಕರೆದರೂ ಬೇಡ ಅನ್ನಿ. ನನ್ನ ಕೇಳಿದರೆ, ಈ ಸಲ ಕುರಿಯಿಲ್ಲದ ಮನೆಯೇ ಸರಿ.

ಒಲೆಮುಂದೆ:
ಬೆಳಗಿನ ತಿಂಡಿಗೆ ಬುಕ್ ಮಾಡುವಾಗಲೇ ‘ವೆಜಿಟೇರಿಯನ್’ ಅಂತ ಬರೆಯಿರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಮೊಟ್ಟೆ, ಅಣಬೆ, ಟೊಮೇಟೊ, ಬ್ರೆಡ್ಡನ್ನು ಬೇಕನ್ (ಹಂದಿಮಾಂಸ) ಹುರಿದ ಬಾಣಲೆಯಲ್ಲೇ, ಅದೇ ಕೊಬ್ಬಿನಲ್ಲೇ ಹುರಿಯುವುದುಂಟು. ಬೇರೆ ಬಾಣಲೆ, ಎಣ್ಣೆ ಅಂತ ಬಿಡಿಸಿ ಹೇಳಿ. ತಿಂಡಿಯ ತಟ್ಟೆಯಲ್ಲಿ ಬರುವ ಬ್ಲ್ಯಾಕ್ ಪುಡಿಂಗ್ ಸಿಹಿಯಲ್ಲ, ಹಂದಿ ರಕ್ತದ ಸಾಸೇಜ್.

ಬಿ ಅಂಡ್ ಬಿ ಅಂದರೆ ಹಾಸಿಗೆ, ತಿಂಡಿ ಅಷ್ಟೆ. ರಾತ್ರಿಗೆ ಹಳ್ಳಿಯ ಪಬ್ಬೇ ಗತಿ. ಪಬ್ ತೆರೆದಿದ್ದರೂ ಅಡುಗೆಮನೆ ಎಂಟೂವರೆಗೆಲ್ಲ ಮುಚ್ಚಿರಬಹುದು, ಕೆಲವು ಕಡೆ ಸೋಮವಾರ ಊಟವೇ ಇರುವುದಿಲ್ಲ. ಮೊದಲೇ ಫೋನ್ ಮಾಡಿ ಟೇಬಲ್ ಹಿಡಿಯಿರಿ. ಊರಿಂದ ತುಪ್ಪ, ಪೇಡ ಕಟ್ಟಿಕೊಂಡು ಬರಬೇಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಚಟ್ನಿಪುಡಿಗೆ ತೊಂದರೆಯಿಲ್ಲ.

ಕಲ್ಲುಗೋಡೆ:
ಅಪ್ಪ-ಅಮ್ಮ ಇದ್ದಾರೆ ಅಂದಮೇಲೆ ಕಾರೇ ವಾಸಿ. ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತೆ, ಎಡಬದಿಯ ಓಡಾಟವೂ ಹೊಸದಲ್ಲ. ಸಣ್ಣ ಕಾರು ತಗೊಳ್ಳಿ. ಎರಡೂ ಕಡೆ ಕಲ್ಲುಗೋಡೆ ಇರುವ, ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದರೆ, ಹಿಂದಿನ ಅಗಲ ಜಾಗದವರೆಗೆ ರಿವರ್ಸ್ ಹೋಗಬೇಕಾಗುತ್ತೆ. ಒಂದೇ ಪೋಸ್ಟ್‌ಕೋಡ್‌ನಲ್ಲಿ (ನಮ್ಮ ಪಿನ್‌ಕೋಡ್ ಥರ) ದೂರದೂರದ ಹಲವು ಮನೆಗಳಿರುತ್ತವೆ, ಹಾಗಾಗಿ ಮನೆಯವರಿಂದಲೇ ಲೊಕೇಶನ್ ತರಿಸಿಕೊಂಡು ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ.

ರೈಲಾದರೆ ಲೀಡ್ಸ್‌ನಿಂದ ಸೆಟಲ್–ಕಾರ್ಲೈಲ್ ಮಾರ್ಗ. ಡೆಂಟ್ ನಿಲ್ದಾಣದ ಹೆಸರು ನೋಡಿ ಇಳಿಯಬೇಡಿ, ಡೆಂಟ್ ಹಳ್ಳಿ ಅಲ್ಲಿಂದ ನಾಲ್ಕು ಮೈಲಿಗೂ ಹೆಚ್ಚು.

ಹಸಿರುದಾರಿ:
ಹಾಗಾದರೆ ಕುರಿಯಿಲ್ಲದ ಮನೆ ಹುಡುಕುತ್ತೇವೆ. ಬಿಸಿನೀರು ಸರಿಯಾಗಿ ಸಿಗುತ್ತಾ? ಅಪ್ಪನಿಗೆ ಅದೇ ಚಿಂತೆ.

ಕಲ್ಲುಗೋಡೆ:
ಎಲೆಕ್ಟ್ರಿಕ್ ಶವರ್ ಇದ್ದರೆ ಚಾವಣಿಯಿಂದ ಒಂದು ದಾರ ಇಳಿಬಿದ್ದಿರುತ್ತೆ, ಅದೇ ಸ್ವಿಚ್. ಎಳೆದಾಗ ಕೆಂಪು ದೀಪ ಹತ್ತಬೇಕು, ಆಮೇಲೆ ಶವರ್ ಪೆಟ್ಟಿಗೆಯ ಗುಂಡಿ ಒತ್ತಿ. ಹರಿಯುವ ನೀರನ್ನೇ ಕಾಯಿಸುವುದರಿಂದ, ಬಿಸಿ ಸಾಲದಿದ್ದರೆ ನೀರಿನ ರಭಸ ಕಡಿಮೆ ಮಾಡಿ.